ಅಜ್ಜಿಯ ಬೆರಳು ಮತ್ತು ಎರಡು ವರ್ಷದ ಸಂಬಳ: ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಬೇಕೇ?

ಶ್ರೀರಾಂಪುರದ ಓದುಗಿ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್‌ನಲ್ಲಿ ಬಿ.ಇ. ಮುಗಿಸಿ ಮೂರು ವರ್ಷವಾಯಿತು. ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಸಂಬಳದ ಬಗ್ಗೆ ದೂರಿಲ್ಲ. ಆದರೂ ಎಂಟು ತಿಂಗಳಿಂದ ಒಂದೇ ಯೋಚನೆ ಕಾಡುತ್ತಿದೆ. ಅದನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಅಜ್ಜಿಗೆ ನ್ಯುಮೋನಿಯಾ ಆಗಿ ಆರು ದಿನ ಐಸಿಯುವಿನಲ್ಲಿದ್ದರು. ಅಜ್ಜಿ ನಲವತ್ತು ವರ್ಷ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆದವರು. ಬೆರಳ ತುದಿಯ ಗೆರೆಗಳಲ್ಲಿ, ಉಗುರಿನ ಅಂಚಿನಲ್ಲಿ ಇದ್ದಿಲ ಕಪ್ಪು ಇಳಿದುಬಿಟ್ಟಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ರಾತ್ರಿ ಬೆರಳಿಗೆ ಸಿಕ್ಕಿಸಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕ್ಲಿಪ್ ಒಮ್ಮೆ 81 ಎಂದು ತೋರಿಸುತ್ತಿತ್ತು, ಒಮ್ಮೆ ಬರೀ ಗೆರೆ, ಮತ್ತೊಮ್ಮೆ 90. ಅಲಾರಂ ನಿಲ್ಲಲೇ ಇಲ್ಲ. ನರ್ಸ್ ಅಕ್ಕ ಬೆರಳು ಬದಲಿಸಿ ನೋಡಿದರು, ಬೆಚ್ಚನೆಯ ಬಟ್ಟೆಯಲ್ಲಿ ಕೈ ಸುತ್ತಿದರು, ಕೊನೆಗೆ ಬೇರೆ ಕ್ಲಿಪ್ ತಂದು ಕಿವಿಯ ಹಾಲೆಗೆ ಹಾಕಿದರು. 95 ಬಂತು. ಅಜ್ಜಿ ಗುಣವಾಗಿ ಮನೆಗೆ ಬಂದರು. ಆದರೆ ಆ ಯಂತ್ರವನ್ನು ಮಾಡಿದವರು ಯಾರ ಬೆರಳನ್ನು ನೆನೆದು ಮಾಡಿದರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೇನೆ, ಅಂದರೆ ಇಂಥ ವೈದ್ಯಕೀಯ ಯಂತ್ರಗಳನ್ನು ರೂಪಿಸುವ ಓದು. ಮನೆಯ ಸಾಲದ ಕಂತಿನಲ್ಲಿ ಅರ್ಧ ನನ್ನ ಸಂಬಳದಿಂದ ಹೋಗುತ್ತದೆ. ಅಪ್ಪ ಬೇಡ ಎನ್ನಲಿಲ್ಲ, "ಎರಡು ವರ್ಷ ಆದಮೇಲೆ ಕೆಲಸ ಸಿಗುತ್ತದೆಯೇ, ಅಷ್ಟು ಹೇಳು" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲೇ ಓದಲೇ, ಹೊರಗೆ ಹೋಗಲೇ? ಮೂರು ವರ್ಷದ ಸಾಫ್ಟ್‌ವೇರ್ ಅನುಭವ ನೀರಿನಲ್ಲಿ ಹೋಮವೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪ್

ನಾನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವನು. ಬಸ್ ಕಂಡಕ್ಟರ್‌ಗಳ ಬಾಯಲ್ಲಿ ಈಗಲೂ ಅದು ಟಾಟಾ ಇನ್‌ಸ್ಟಿಟ್ಯೂಟೇ. ಅಲ್ಲಿ ಬಯೋಎಂಜಿನಿಯರಿಂಗ್ ವಿಭಾಗವಿದೆ, ಎಂ.ಟೆಕ್. ಕೂಡ ಇದೆ.

ಮೊದಲು ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ವಿಷಯ. 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ಪತ್ರಿಕೆ ಬಂದಿದೆ, ಅದರ ಸಂಕೇತ ಬಿ.ಎಂ. ಪಠ್ಯಕ್ರಮವನ್ನು ತೆರೆದು ನೋಡಿ, ನಿಮಗೆ ಧೈರ್ಯ ಬರುತ್ತದೆ. ಗಣಿತ, ವಿದ್ಯುತ್ ಮಂಡಲಗಳು, ಸಿಗ್ನಲ್ಸ್ ಮತ್ತು ಸಿಸ್ಟಮ್ಸ್, ಅನಲಾಗ್ ಮತ್ತು ಡಿಜಿಟಲ್ ಎಲೆಕ್ಟ್ರಾನಿಕ್ಸ್, ಮಾಪನ ಮತ್ತು ನಿಯಂತ್ರಣ ಇವೆಲ್ಲ ನೀವು ಬಿ.ಇ.ಯಲ್ಲಿ ಓದಿದ್ದೇ. ಹೊಸದಾಗಿ ಕಲಿಯಬೇಕಾದ್ದು ಸೆನ್ಸರ್‌ಗಳು ಮತ್ತು ಬಯೋ ಇನ್‌ಸ್ಟ್ರುಮೆಂಟೇಷನ್, ಅಂಗರಚನೆ ಮತ್ತು ಶರೀರಕ್ರಿಯೆ, ವೈದ್ಯಕೀಯ ಇಮೇಜಿಂಗ್, ಬಯೋಮೆಕ್ಯಾನಿಕ್ಸ್, ಬಯೋಮೆಟೀರಿಯಲ್ಸ್. ಮೂರು ಗಂಟೆ, 100 ಅಂಕ, ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಫಲಿತಾಂಶ ಮೂರು ವರ್ಷ ಊರ್ಜಿತದಲ್ಲಿರುತ್ತದೆ, ಹಾಗಾಗಿ ಕೆಲಸ ಬಿಡದೆಯೇ ಬರೆಯಬಹುದು.

ಗೇಟ್ ಮೂಲಕ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಕಂತು ಕಟ್ಟಲು ಅದು ಸಾಲದು, ಆದರೆ ಮನೆಯ ಮುಂದೆ ಕೈಚಾಚದೆ ಹಾಸ್ಟೆಲಿನಲ್ಲಿ ಬದುಕಲು ಆಗುತ್ತದೆ. ಬೆಂಗಳೂರಿನಾಚೆ ಐಐಟಿ ಬಾಂಬೆಯ ಜೀವವಿಜ್ಞಾನ ಮತ್ತು ಜೈವಿಕ ಎಂಜಿನಿಯರಿಂಗ್ ವಿಭಾಗ, ಖರಗ್‌ಪುರ ಐಐಟಿಯ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಶಾಲೆ, ಹೈದರಾಬಾದ್ ಐಐಟಿ ಇವನ್ನೂ ಗಮನಿಸಿ. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ ಸೇರಿ ರೂಪಿಸಿದ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ನನಗೆ ಬಹಳ ಮೆಚ್ಚುಗೆಯದು. ಎಂಜಿನಿಯರನ್ನು ಆಸ್ಪತ್ರೆಯೊಳಗೆ ನಿಲ್ಲಿಸಿ ಕಲಿಸಬೇಕು ಎಂಬ ಯೋಚನೆಯಿಂದ ಹುಟ್ಟಿದ್ದು ಅದು.

ಎಂ.ಟೆಕ್. ಮುಗಿಸಿದವನು

ನಾನು ಕಹಿಯನ್ನೇ ಹೇಳಬೇಕಾಗಿದೆ, ಬೇಸರಿಸಬೇಡಿ. ನಾಲ್ಕು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಇದೇ ಪದವಿ ಮಾಡಿದೆ. ಹೆಸರು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಎರಡು ಇಸಿಜಿ ಯಂತ್ರ, ಒಂದು ಕೆಟ್ಟುಹೋದ ಡಿಫಿಬ್ರಿಲೇಟರ್. ಎರಡು ವರ್ಷದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಅರ್ಧ ದಿನದ ಭೇಟಿ. ಪ್ರಾಜೆಕ್ಟ್ ಎಂದರೆ ಅಂತರಜಾಲದಲ್ಲಿ ಸಿಗುವ ದತ್ತಾಂಶ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ವರ್ಗೀಕರಣ ಮಾಡುವುದು. ನಮ್ಮ ಬ್ಯಾಚಿನ ಹನ್ನೊಂದು ಜನರಲ್ಲಿ ಈಗ ವೈದ್ಯಕೀಯ ಉಪಕರಣಗಳ ಕೆಲಸದಲ್ಲಿರುವವರು ಮೂವರು. ಉಳಿದವರು ನೀವು ಈಗ ಮಾಡುತ್ತಿರುವ ಕೆಲಸವನ್ನೇ ಮಾಡುತ್ತಿದ್ದಾರೆ, ಎರಡು ವರ್ಷ ತಡವಾಗಿ.

ಓದಬೇಡಿ ಎನ್ನುತ್ತಿಲ್ಲ. ಪದವಿಯ ಹೆಸರು ನೋಡಿ ಸೇರಬೇಡಿ, ಪ್ರಯೋಗಾಲಯ ನೋಡಿ ಸೇರಿ. ಅಲ್ಲಿನ ಅಧ್ಯಾಪಕರು ಯಾವ ಆಸ್ಪತ್ರೆಯ ಯಾವ ವಿಭಾಗದೊಂದಿಗೆ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ. ಈಗ ಓದುತ್ತಿರುವ ಇಬ್ಬರನ್ನು ಹಿಡಿದು, ಕಳೆದ ತಿಂಗಳು ಯಾವ ಉಪಕರಣವನ್ನು ಕೈಯಲ್ಲಿ ಹಿಡಿದಿರಿ ಎಂದು ಕೇಳಿ. ಅವರು ತಡವರಿಸಿದರೆ ಹಿಂದಿರುಗಿ ಬನ್ನಿ. ನನಗೆ ಆಗ ಇದನ್ನು ಯಾರೂ ಹೇಳಲಿಲ್ಲ.

ಐಸಿಯು ಪಕ್ಕದ ರೂಮು

ನೋಡಮ್ಮ, ನಾನು ನಗರದ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ವಾರ್ಡಿನಿಂದ ಫೋನ್ ಬರುತ್ತದೆ, "ಬಯೋಮೆಡಿಕಲ್‌ನವರನ್ನು ಕಳಿಸಿ" ಎಂದು. ಆ ಬಯೋಮೆಡಿಕಲ್‌ನವರು ನಾವೇ. ವೆಂಟಿಲೇಟರ್, ಸಿರಿಂಜ್ ಪಂಪ್, ಮಾನಿಟರ್, ಡಯಾಲಿಸಿಸ್ ಯಂತ್ರ, ಶಸ್ತ್ರಚಿಕಿತ್ಸೆಯ ಡಯಾಥರ್ಮಿ ಎಲ್ಲದರ ಕ್ಯಾಲಿಬ್ರೇಷನ್, ದುರಸ್ತಿ, ಸರ್ವಿಸ್ ಕರಾರು ನಮ್ಮ ಮೇಲೆ.

ಒಂದು ಘಟನೆ ಹೇಳುತ್ತೇನೆ. ಹಲವು ವರ್ಷದ ಹಿಂದೆ ಒಬ್ಬ ರೋಗಿಯ ಇಸಿಜಿ ಪರದೆಯಲ್ಲಿ ಗರಗಸದ ಹಲ್ಲಿನಂಥ ಸಣ್ಣ ಅಲೆ ಕುಳಿತುಬಿಟ್ಟಿತು. ಕೇಬಲ್ ಬದಲಿಸಿದರು, ಎಲೆಕ್ಟ್ರೋಡ್ ಬದಲಿಸಿದರು, ಮಾನಿಟರನ್ನೇ ಬದಲಿಸಿದರು. ಹೋಗಲಿಲ್ಲ. ಹೃದಯದಿಂದ ಚರ್ಮದ ಮೇಲೆ ಸಿಗುವ ಸಂಕೇತ ಸುಮಾರು ಒಂದು ಮಿಲಿವೋಲ್ಟ್, ಗೋಡೆಯೊಳಗಿನದು 230 ವೋಲ್ಟ್, 50 ಹರ್ಟ್ಸ್. ನಾನು ಮಾನಿಟರ್ ಬಿಟ್ಟು ಮಂಚದ ಕೆಳಗೆ ಬಗ್ಗಿ ನೋಡಿದೆ. ಮಂಚವನ್ನು ಏರಿಸಿ ಇಳಿಸುವ ಮೋಟಾರಿನ ಪ್ಲಗ್‌ಗೆ ಯಾರೋ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರು. ಅರ್ತಿಂಗ್ ಇರಲಿಲ್ಲ. ಆ ಅಲೆ ಬರೀ ತೊಂದರೆಯಲ್ಲ, ಎಚ್ಚರಿಕೆ. ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣದಿಂದ ರೋಗಿಯತ್ತ ಸೋರುವ ವಿದ್ಯುತ್ತು ಮಾಮೂಲಿ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ಮೀರಬಾರದು ಎಂದು ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಐಇಸಿ 60601 ಮಾನದಂಡ ಹೇಳುತ್ತದೆ. ನಮ್ಮ ಕೈಗೆ ಜುಮ್ಮೆನ್ನುವ ವಿದ್ಯುತ್ತು ಅದರ ನೂರರಷ್ಟು. ಅಂದರೆ ನರ್ಸ್ ಮುಟ್ಟಿದರೆ ಏನೂ ತಿಳಿಯದಷ್ಟು ಸಣ್ಣ ಸೋರಿಕೆಯೂ, ಎದೆಯೊಳಗೆ ತಂತಿ ಇಳಿಸಿರುವ ರೋಗಿಯ ಪ್ರಾಣಕ್ಕೆ ಅಪಾಯ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮಂಚದ ಕೆಳಗೆ ಬಗ್ಗಿದ ದಿನ ಕಲಿತೆ. ಸೇರುವ ಮುಂಚೆ ಹತ್ತು ಶನಿವಾರ ಯಾವುದಾದರೂ ಆಸ್ಪತ್ರೆಯ ನಮ್ಮಂಥ ರೂಮಿನಲ್ಲಿ ಕಳೆಯಮ್ಮ. ಆಸ್ಪತ್ರೆಯ ಕೆಲಸದಲ್ಲಿ ಸಾಫ್ಟ್‌ವೇರಿನವರ ಸಂಬಳ ಬರುವುದಿಲ್ಲ, ಅದನ್ನು ಅಪ್ಪನಿಗೆ ಮುಚ್ಚಿಡಬೇಡ.

ಕಡತದ ಕೆಲಸದವಳು

"ನೀರಿನಲ್ಲಿ ಹೋಮವೇ" ಎಂದು ಕೇಳಿದ್ದೀರಲ್ಲ, ಆ ಮಾತು ಓದಿ ಬರೆಯದೆ ಇರಲಾಗಲಿಲ್ಲ. ಖಂಡಿತ ಅಲ್ಲ. ಸಾಫ್ಟ್‌ವೇರನ್ನು ಅನುಮಾನದಿಂದ ನೋಡಬಲ್ಲವರಿಗಾಗಿ ಈ ಕ್ಷೇತ್ರ ಕಾದು ಕುಳಿತಿದೆ.

ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಓದಿ. ಕೆನಡಾದಲ್ಲಿ ತಯಾರಾದದ್ದು. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು, ಕೆಲವರು ಅದರಿಂದಲೇ ಸತ್ತರು. ಹಿಂದಿನ ಮಾದರಿಗಳಲ್ಲಿ ಅಪಾಯ ತಡೆಯಲು ಯಾಂತ್ರಿಕ ಅಡ್ಡಗಟ್ಟುಗಳಿದ್ದವು. ಇದರಲ್ಲಿ ಅವನ್ನು ತೆಗೆದು ಆ ಹೊಣೆಯನ್ನು ಸಾಫ್ಟ್‌ವೇರಿಗೆ ಬಿಟ್ಟರು. ಕೈಚಳಕವಿದ್ದ ಆಪರೇಟರ್ ತಪ್ಪಾಗಿ ಒತ್ತಿದ ಅಕ್ಷರವನ್ನು ಎಂಟು ಸೆಕೆಂಡಿನೊಳಗೆ ತಿದ್ದಿದರೆ, ಪರದೆಯಲ್ಲಿ ಒಂದು, ಯಂತ್ರದೊಳಗೆ ಇನ್ನೊಂದು. ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ಆ ದೋಷ ಕಾಣಲೇ ಇಲ್ಲ. ನೀವು ಪರೀಕ್ಷಕಿ, ಇದರ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳ ನಿಯಮ 2017ರಲ್ಲಿ ಬಂತು, 2018ರ ಜನವರಿ 1ರಿಂದ ಜಾರಿಯಾಯಿತು. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗ, ಹೃದಯ ಕವಾಟದಂಥವು ಡಿ. 2020ರ ಏಪ್ರಿಲ್‌ನಿಂದ ಬಹುತೇಕ ಎಲ್ಲ ಉಪಕರಣಗಳೂ ನಿಯಂತ್ರಣದ ಕೆಳಗೆ ಬಂದವು. ಬಿ ವರ್ಗಕ್ಕೆ ಮತ್ತು ಎ ವರ್ಗದ ಕೆಲವಕ್ಕೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯ. ಅದಕ್ಕೆ ಮುಂಚೆ ಒಂದು ಸಣ್ಣ ಕಂಪನಿ ನಿಯಮ ಬಲ್ಲವರಿಲ್ಲದೆ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆ, ಐಎಸ್‌ಒ 14971 ಅಪಾಯ ನಿರ್ವಹಣೆ, ಐಇಸಿ 62304 ಸಾಫ್ಟ್‌ವೇರ್ ಜೀವನಚಕ್ರ. ಈ ಮೂರನ್ನು ಓದಿ ಅರ್ಥ ಮಾಡಿಕೊಂಡ ಪರೀಕ್ಷಕರಿಗೆ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬಾಗಿಲು ತೆರೆಯುತ್ತದೆ. ಜಿಇ, ಫಿಲಿಪ್ಸ್, ಸೀಮೆನ್ಸ್ ಹೆಲ್ದಿನಿಯರ್ಸ್ ಮೂರಕ್ಕೂ ಇಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ.

ಅಪ್ಪನಿಗೆ ಹೇಳಲು ಇದು ಒಂದು ಉತ್ತರವಾಗಬಹುದು.

ಎರ್ಲಾಂಗೆನ್‌ನಿಂದ

ನಾನು ಬಸವನಗುಡಿಯವಳು, ಈಗ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಮೆಡಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿದ್ದೇನೆ. ಸೀಮೆನ್ಸ್ ಹೆಲ್ದಿನಿಯರ್ಸ್‌ನ ದೊಡ್ಡ ಕೇಂದ್ರ ಇದೇ ಊರಿನಲ್ಲಿದೆ, ವಿಶ್ವವಿದ್ಯಾಲಯದ ಆಸ್ಪತ್ರೆಯೂ ಇದೆ. ಓದು, ಕಾರ್ಖಾನೆ, ವಾರ್ಡು ಮೂರೂ ಸೈಕಲ್ ದೂರದಲ್ಲಿವೆ.

ಹಣದ ಲೆಕ್ಕ ಹೀಗಿದೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಎಲ್ಲ ಕಡೆಯೂ ಹಾಗಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ನಿಗದಿ ಮಾಡಿತು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಆರಂಭಿಸಿತು. ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ಬ್ಲಾಕ್ಡ್ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಭಾರತದ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ. ಅದನ್ನು ಮೊದಲೇ ಮಾಡಿಸಿಡಿ.

ನನ್ನ ಅನುಭವದಲ್ಲಿ ನಿಜವಾದ ಗೋಡೆ ಭಾಷೆ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ರೋಗಿ ಜರ್ಮನ್‌ನಲ್ಲೇ ನರಳುತ್ತಾನೆ. ಮೊದಲ ವರ್ಷ ವಾರ್ಡಿನಲ್ಲಿ ನಾನು ಮೂಕಿಯಾಗಿ ನಿಂತಿದ್ದೆ. ಹಾಸಿಗೆಯ ಪಕ್ಕ ನಿಂತು ಒಬ್ಬ ಅಜ್ಜಿಯನ್ನು "ಎಲ್ಲಿ ಒತ್ತುತ್ತಿದೆ?" ಎಂದು ಕೇಳಲಾರದವಳು ಆ ಅಜ್ಜಿಗೆ ಏನು ಉಪಕರಣ ಮಾಡಿಕೊಟ್ಟೇನು ಎಂದು ರಾತ್ರಿಗಳಲ್ಲಿ ಅತ್ತಿದ್ದೇನೆ. ಈಗ ಮಾತನಾಡುತ್ತೇನೆ. ನಿಮಗೆ ಬೆಂಗಳೂರಿನ ವಾರ್ಡಿನಲ್ಲಿ ಆ ಭಾಷೆ ಹುಟ್ಟಿನಿಂದಲೇ ಇದೆ. ಅದನ್ನು ಹಗುರವಾಗಿ ಎಣಿಸಬೇಡಿ.

ತಾಲ್ಲೂಕು ವೈದ್ಯ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಐದು ವರ್ಷ ದುಡಿದು ಈಗ ಬೆಂಗಳೂರಿನಲ್ಲಿ ಸ್ನಾತಕೋತ್ತರ ಓದುತ್ತಿರುವ ವೈದ್ಯ ನಾನು. ನಿಮ್ಮ ಅಜ್ಜಿಯ ಬೆರಳಿಗೆ ಏನಾಯಿತು ಎಂದು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಬೇರು ಅಲ್ಲಿದೆ.

ಆ ಕ್ಲಿಪ್ಪಿನಲ್ಲಿ ಎರಡು ಬೆಳಕುಗಳಿವೆ. ಒಂದು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು 940ರ ಸುಮಾರಿನ ಅವಕೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕವಿಲ್ಲದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಚರ್ಮ, ಮೂಳೆ, ಉಗುರು ಎಲ್ಲವೂ ಬೆಳಕನ್ನು ತಡೆಯುತ್ತವಲ್ಲ? ಜಪಾನಿನ ತಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯ ಬಹಳ ಚೆಂದದ್ದು. ನಾಡಿಯೊಂದಿಗೆ ಏರಿಳಿಯುವ ಭಾಗವನ್ನಷ್ಟೇ ಹಿಡಿದರೆ ಸಾಕು, ಏಕೆಂದರೆ ಮಿಡಿಯುವುದು ಅಪಧಮನಿಯ ರಕ್ತ ಮಾತ್ರ. ನಿಮ್ಮ ಅಜ್ಜಿಯ ಬೆರಳು ತಣ್ಣಗಾಗಿ ಆ ಮಿಡಿತವೇ ಕ್ಷೀಣವಾಗಿತ್ತು. ಮೇಲೆ ಇದ್ದಿಲ ಕಪ್ಪು ಎರಡೂ ಬೆಳಕನ್ನು ನುಂಗಿತು. ಉಳಿದ ಸಂಕೇತ ಗದ್ದಲದಲ್ಲಿ ಮುಳುಗಿತು. ಕಿವಿಯ ಹಾಲೆಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿತ್ತು, ಕಪ್ಪೂ ಇರಲಿಲ್ಲ.

ಯಾರ ಬೆರಳನ್ನು ನೆನೆದು ಮಾಡಿದರು ಎಂಬ ಪ್ರಶ್ನೆಯನ್ನು ಲೋಕವೂ ತಡವಾಗಿ ಕೇಳಿತು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ನಿಜಕ್ಕೂ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ವರ್ಣದ ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ನಿಮ್ಮ ಅಜ್ಜಿಯ ವಿಷಯದಲ್ಲಿ ಯಂತ್ರ ಸುಳ್ಳು ಗಾಬರಿ ಹುಟ್ಟಿಸಿತು. ಇಲ್ಲಿ ಅದು ಸುಳ್ಳು ಸಮಾಧಾನ ಹೇಳಿತು, ಅದು ಇನ್ನೂ ಭಯಂಕರ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್ ಒಂದು ಎಂಟು ತಿಂಗಳು ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ವೋಲ್ಟೇಜ್ ಏರಿಳಿತಕ್ಕೆ ಒಂದು ಬೋರ್ಡು ಸುಟ್ಟಿತ್ತು, ಅಷ್ಟೇ. ನಿಮ್ಮಂಥವರು ಓದಿ ಬೆಂಗಳೂರಿನಲ್ಲೇ ಉಳಿದರೂ ಬೇಸರವಿಲ್ಲ, ಉಪಕರಣ ರೂಪಿಸುವಾಗ ಆ ಮೂಲೆಯನ್ನು ನೆನೆಯಿರಿ.

ಶ್ರೀರಾಂಪುರದ ಓದುಗಿ

ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ಎಂ.ಟೆಕ್. ಮುಗಿಸಿದವರ ಮಾತನ್ನು ಎರಡು ಸಲ ಓದಿಸಿದರು. "ಅವನು ನಿನ್ನ ಹಿತ ಬಯಸಿ ಹೇಳಿದ್ದಾನೆ" ಎಂದರು. ಕಡತದ ಕೆಲಸದ ಅಕ್ಕ, ಐಇಸಿ 62304 ಬಗ್ಗೆ ಓದಲು ಆರಂಭಿಸಿದ್ದೇನೆ. ಸಾಫ್ಟ್‌ವೇರಿನ ದೋಷದಿಂದ ಆಗಬಹುದಾದ ಹಾನಿಯ ಪ್ರಕಾರ ಅದರಲ್ಲೂ ಎ, ಬಿ, ಸಿ ಎಂದು ವರ್ಗಗಳಿವೆ. ಗಾಯದ ಸಂಭವವಿಲ್ಲದ್ದು, ಸಣ್ಣ ಗಾಯ, ಸಾವು ಅಥವಾ ಗಂಭೀರ ಗಾಯ. ಇಷ್ಟು ವರ್ಷ ನಾನು ದೋಷಗಳಿಗೆ ಅಂಕ ಕೊಟ್ಟದ್ದು ಗ್ರಾಹಕನ ಸಿಟ್ಟಿನ ಲೆಕ್ಕದಲ್ಲಿ. ಈ ಲೆಕ್ಕ ಬೇರೆಯೇ.

ಒಂದು ಅಳುಕು ಉಳಿದಿದೆ. ಇಲ್ಲಿ ಓದಿದವರು ನಿಜಕ್ಕೂ ಹೊಸದೊಂದನ್ನು ಮಾಡಿದ್ದಾರೆಯೇ, ಅಥವಾ ಹೊರಗಿನ ಯಂತ್ರಗಳನ್ನು ನೋಡಿಕೊಳ್ಳುವುದೇ ನಮ್ಮ ಪಾಲೇ?

ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪ್

ಮಾಡಿದ್ದಾರೆ. ಶ್ರೀ ಚಿತ್ರಾ ಸಂಸ್ಥೆಯ ಹೃದಯ ಕವಾಟವನ್ನು ನೋಡಿ. ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಅವರ ತಂಡ ವರ್ಷಗಟ್ಟಲೆ ದುಡಿಯಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಎದೆಯೊಳಗೆ ಹೋಯಿತು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದಲ್ಲೇ ಕುಲಪತಿಯಾಗಿದ್ದರು. ಮೂರು ಸೋಲಿನ ನಂತರ ಹಣ ಕೊಡುವವರ ಎದುರು ಮತ್ತೆ ಹೋಗಿ ನಿಂತ ಆ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ.

ನಮ್ಮ ಊರಿನದೇ ಬೇಕೆಂದರೆ ಗಂಟಲ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಡಾ. ವಿಶಾಲ್ ರಾವ್ ರೂಪಿಸಿದ, ಮತ್ತೆ ಮಾತಾಡಲು ನೆರವಾಗುವ ಓಂ ಸಾಧನ, ಹೊರಬಂದಾಗ ಬೆಲೆ ಐವತ್ತು ರೂಪಾಯಿಯ ಸುಮಾರು. ಕಣ್ಣಿನ ತಪಾಸಣೆಗೆ ಫೋರಸ್ ಹೆಲ್ತ್‌ನ ತ್ರಿನೇತ್ರ, ಶಾಖದ ಚಿತ್ರದಿಂದ ಸ್ತನ ಕ್ಯಾನ್ಸರಿನ ಸುಳಿವು ಹುಡುಕುವ ನಿರಾಮಯಿ ಕೂಡ ಇಲ್ಲಿ ಹುಟ್ಟಿದವೇ.

ಐಸಿಯು ಪಕ್ಕದ ರೂಮು

ಅಮ್ಮಾ, ನಮ್ಮ ಮೇಲಿನವರ ಹತ್ತಿರ ಮಾತನಾಡಿದ್ದೇನೆ, ಒಪ್ಪಿದ್ದಾರೆ. ಗುರುತಿನ ಚೀಟಿ ತಂದು ಶನಿವಾರ ಒಂಬತ್ತಕ್ಕೆ ಬಾ. ವಿಳಾಸವನ್ನು ಖಾಸಗಿಯಾಗಿ ಕಳಿಸುತ್ತೇನೆ. ರೋಗಿಯ ಹತ್ತಿರ ಹೋಗುವಂತಿಲ್ಲ, ನಮ್ಮ ಮೇಜಿನ ಮೇಲೆ ಬರುವ ಯಂತ್ರಗಳಷ್ಟೇ.

ಶ್ರೀರಾಂಪುರದ ಓದುಗಿ

ಆರು ಶನಿವಾರಗಳಾದವು. ಗೇಟ್‌ಗೆ ಬಿ.ಎಂ. ಪತ್ರಿಕೆಯನ್ನೇ ಆರಿಸಿ ಅರ್ಜಿ ಹಾಕಿದ್ದೇನೆ. ಕೆಲಸ ಬಿಟ್ಟಿಲ್ಲ, ಫಲಿತಾಂಶ ಬಂದು ಸೀಟು ಸಿಕ್ಕಮೇಲೆ ಬಿಡುತ್ತೇನೆ. ಅಷ್ಟರೊಳಗೆ ಸಾಧ್ಯವಾದಷ್ಟು ಕಂತು ಮುಂಗಡ ಕಟ್ಟುವುದೆಂದು ಅಪ್ಪನೂ ನಾನೂ ಮಾತನಾಡಿಕೊಂಡೆವು.

ಸರ್ ಅವರ ರೂಮಿನಲ್ಲಿ ಆಕ್ಸಿಮೀಟರ್ ಪರೀಕ್ಷಿಸುವ ನಕಲಿ ಬೆರಳೊಂದಿದೆ. ತಿಳಿ ಬಣ್ಣ, ಗಾಢ ಬಣ್ಣ, ದಪ್ಪ ಬೆರಳು ಎಂಬ ಆಯ್ಕೆಗಳು ಅದರಲ್ಲಿವೆ. ಊದುಬತ್ತಿ ಹೊಸೆದ ಬೆರಳು ಇಲ್ಲ. ಮನೆಗೆ ಬಂದು ಅಂಗಡಿಯಿಂದ ಒಂದು ಕ್ಲಿಪ್ ತಂದೆ. ಒಂದು ವಾರ, ಬೆಳಗ್ಗೆ ಮತ್ತು ರಾತ್ರಿ, ಅಜ್ಜಿಯ ಹತ್ತು ಬೆರಳನ್ನೂ ಅಳೆದು ಬರೆದಿಟ್ಟೆ. ಕೈ ತೊಳೆಯುವ ಮುಂಚೆ, ತೊಳೆದ ಮೇಲೆ, ಬಿಸಿನೀರಿನಲ್ಲಿ ಅದ್ದಿದ ಮೇಲೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ತಣ್ಣಗಿದ್ದಾಗ ಏಳರಲ್ಲಿ ಐದು ದಿನ ಅಂಕಿಯೇ ನಿಲ್ಲಲಿಲ್ಲ. ಎರಡೂ ಕೈಯ ಕಿರುಬೆರಳು ಒಮ್ಮೆಯೂ ಕೈಕೊಡಲಿಲ್ಲ.

ತಾಲ್ಲೂಕು ವೈದ್ಯ

ಹೊಸೆಯುವುದು ಬಲಗೈಯಲ್ಲಿ, ಅಲ್ಲವೇ? ಈ ಹಾಳೆಯನ್ನು ಕಾಪಾಡಿ. ಬೇರೆಯವರ ಬೆರಳನ್ನು ಅಳೆದು ಸಂಶೋಧನೆ ಎನ್ನುವ ಮುಂಚೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದನ್ನು ಓದಿಗೆ ಸೇರಿದ ಮೇಲೆ ಮಾಡಿ. ನನ್ನ ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದ ಪುಸ್ತಕವನ್ನು ನಿಮಗೆ ಕೊಡುತ್ತೇನೆ, ಮೊದಲು ಉಸಿರಾಟದ ಅಧ್ಯಾಯ ಓದಿ.

ಶ್ರೀರಾಂಪುರದ ಓದುಗಿ

ಹೌದು ಡಾಕ್ಟರ್, ಬಲಗೈ. ಎಡಗೈ ಕಡ್ಡಿ ಹಿಡಿಯುತ್ತದೆ. ಅಜ್ಜಿ ಆಗಲೇ ನಮ್ಮ ಸಾಲಿನಲ್ಲಿ ಹೊಸೆಯುವ ನಾಲ್ವರಿಗೆ ಸುದ್ದಿ ಮುಟ್ಟಿಸಿದ್ದಾರೆ, ಅವರು ನಮ್ಮ ಬೆರಳನ್ನೂ ನೋಡು ಎಂದು ಕೇಳುತ್ತಿದ್ದಾರೆ. ಸಮಿತಿಯ ಒಪ್ಪಿಗೆ ಸಿಗುವವರೆಗೆ ಕಾಯಬೇಕೆಂದು ಇಂದು ಸಂಜೆ ಮನೆಮನೆಗೆ ಹೋಗಿ ಹೇಳಿ ಬರುತ್ತೇನೆ.